ಕೇಳುವವರೂ ದಣಿಯುತ್ತಾರೆ: ಆಪ್ತಸಮಾಲೋಚಕರು ಬರ್ನ್‌ಔಟ್ ಆಗದಂತೆ ಕೆಲಸ ಹೊಂದಿಸಿಕೊಳ್ಳುವುದು ಹೇಗೆ?

ದಾವಣಗೆರೆ, ಚಿತ್ರದುರ್ಗದಂಥ ಊರುಗಳಲ್ಲಿ ಆಪ್ತಸಮಾಲೋಚನೆ ಮಾಡುವವರು ಕಡಿಮೆ, ಬೇಕಾದವರು ಜಾಸ್ತಿ. ಬೆಳಗ್ಗೆ ಆಸ್ಪತ್ರೆ ಅಥವಾ ಶಾಲೆ, ಸಂಜೆ ಸ್ವಂತ ಕ್ಲಿನಿಕ್, ಶನಿವಾರ ಯಾವುದೋ ಕಾಲೇಜಿನಲ್ಲಿ ಉಪನ್ಯಾಸ. ರಾತ್ರಿ ಊಟಕ್ಕೆ ಕೂತಾಗ ಪರಿಚಯದವರೊಬ್ಬರ ಫೋನು, ಅವರ ಮಗಳ ಸಮಸ್ಯೆ. ಹೀಗೇ ವರ್ಷಗಟ್ಟಲೆ ನಡೆದರೆ ಯಾರಾದರೂ ಸೋತುಹೋಗುತ್ತಾರೆ. ಯಾರಿಗೂ ‘ಆಗಲ್ಲ’ ಅನ್ನಲು ಬಾರದವರು ಇನ್ನೂ ಬೇಗ ಸೋಲುತ್ತಾರೆ.

ಇದಕ್ಕೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ. ಯೋಗ ಮಾಡಿ, ರಜೆ ಹಾಕಿ, ಎಲ್ಲಾದರೂ ಹೋಗಿ ಬನ್ನಿ. ತಪ್ಪೇನಿಲ್ಲ. ಆದರೆ ಗೋಕರ್ಣಕ್ಕೆ ಹೋಗಿ ಬಂದ ಮರುದಿನವೇ ಅದೇ ಎಂಟೊಂಬತ್ತು ಸೆಷನ್ ಕಾಯುತ್ತಿದ್ದರೆ, ರಜೆಯ ಹುರುಪು ವಾರ ಮುಗಿಯುವುದರೊಳಗೆ ಇಳಿದಿರುತ್ತದೆ. ನನ್ನ ಮಟ್ಟಿಗೆ ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಿಂದ ಹೀಗೆ ಬರಿದಾಗುವುದು, ಹುಟ್ಟುವುದು ಅಪಾಯಿಂಟ್‌ಮೆಂಟ್ ಡೈರಿಯಲ್ಲಿ. ಅದನ್ನು ತಡೆಯುವ ಕೆಲಸವೂ ಅಲ್ಲಿಂದಲೇ ಶುರುವಾಗಬೇಕು. ಯಾರನ್ನು ನೋಡುತ್ತೀರಿ, ಎಷ್ಟು ಜನರನ್ನು, ಯಾವ ಹೊತ್ತಿಗೆ, ನಿಮ್ಮ ಬೆನ್ನಿಗೆ ಯಾರಿದ್ದಾರೆ? ಇದನ್ನು ಮುಟ್ಟದೆ ಮಿಕ್ಕಿದ್ದೆಲ್ಲ ಮಾಡಿದರೂ ಅರ್ಧ ಕೆಲಸವೇ.

ಈ ಮಾರ್ಗದರ್ಶಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಮಾತ್ರ ಅಲ್ಲ. ಶಾಲಾ ಕೌನ್ಸೆಲರ್, ಐಸಿಟಿಸಿ (ಎಚ್‌ಐವಿ ಪರೀಕ್ಷೆ, ಸಮಾಲೋಚನೆಯ ಕೇಂದ್ರ) ಕೌನ್ಸೆಲರ್, ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರದ ಸಿಬ್ಬಂದಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಮಾಜ ಕಾರ್ಯಕರ್ತರು, ಸ್ವಂತ ಕ್ಲಿನಿಕ್ ಇಟ್ಟವರು, ದಿನವಿಡೀ ಬೇರೆಯವರ ನೋವು ಕೇಳುವ ಎಲ್ಲರಿಗೂ ಇದು ಅನ್ವಯಿಸುತ್ತದೆ.

ಹೆಜ್ಜೆ 1: ಬಂದಿದೆಯಾ ಅಂತ ಗುರುತಿಸಿ

ಈ ದಣಿವಿಗೆ ಬರ್ನ್‌ಔಟ್ ಅನ್ನುವ ಹೆಸರು ಬಳಕೆಗೆ ಬಂದದ್ದೇ ನಮ್ಮಂಥ ಕೆಲಸದವರಿಂದ. ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ ನ್ಯೂಯಾರ್ಕಿನ ಒಂದು ಉಚಿತ ಕ್ಲಿನಿಕ್‌ನಲ್ಲಿ ಕೆಲಸ ಮಾಡುತ್ತಿದ್ದರು. ಉತ್ಸಾಹದಿಂದ ಬಂದ ಸ್ವಯಂಸೇವಕರು ಕೆಲವೇ ಸಮಯದಲ್ಲಿ ಬರಿದಾಗುವುದನ್ನು ಕಂಡು 1974ರಲ್ಲಿ ಅದರ ಬಗ್ಗೆ ಬರೆದರು. ಆಮೇಲೆ ಮನಶ್ಶಾಸ್ತ್ರಜ್ಞೆ ಕ್ರಿಸ್ಟೀನಾ ಮ್ಯಾಸ್ಲಾಕ್ ಮತ್ತು ಅವರ ಸಂಗಡಿಗರು ಇದನ್ನು ಅಳೆಯುವ 22 ಪ್ರಶ್ನೆಗಳ ಪಟ್ಟಿಯನ್ನು 1981ರಲ್ಲಿ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿ ಐಸಿಡಿ-11ರಲ್ಲಿ ಬರ್ನ್‌ಔಟ್ ಕಾಯಿಲೆಯಾಗಿ ಸೇರಿಲ್ಲ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡ ಬಹಳ ಕಾಲ ಮುಂದುವರಿದಾಗ ಬರುವ ಸ್ಥಿತಿ ಎಂದು ಸೇರಿದೆ. ಈ ವಿವರಣೆ ಮುಖ್ಯ. ತೊಂದರೆಯನ್ನು ನಿಮ್ಮ ಸ್ವಭಾವದಲ್ಲಿ ಹುಡುಕುವ ಮೊದಲು ನಿಮ್ಮ ಕೆಲಸದಲ್ಲಿ ಹುಡುಕಿ ಅಂತ ಅದು ಹೇಳುತ್ತದೆ.

ಅಲ್ಲಿ ಹೇಳಿರುವ ಲಕ್ಷಣ ಮೂರು. ಶಕ್ತಿಯೆಲ್ಲ ಸೋರಿದಂತಾಗುವುದು, ಕೆಲಸದ ಬಗ್ಗೆ ಮನಸ್ಸು ದೂರ ಸರಿಯುವುದು ಅಥವಾ ಕಹಿಯಾಗುವುದು, ‘ನನ್ನಿಂದ ಏನೂ ಆಗುತ್ತಿಲ್ಲ’ ಅನ್ನಿಸುವುದು. ನಮ್ಮ ಕೆಲಸದಲ್ಲಿ ಇವು ಬರುವ ರೂಪ ಬೇರೆ. ಕ್ಲೈಂಟ್ ‘ಇವತ್ತು ಬರೋಕಾಗಲ್ಲ’ ಎಂದು ಫೋನ್ ಮಾಡಿದರೆ ಹಾಯೆನಿಸುತ್ತದೆ. ಅಳುತ್ತಿರುವವರ ಎದುರು ಕೂತು ‘ಮತ್ತೆ ಅದೇ ಕಥೆ’ ಅಂತ ಮನಸ್ಸು ಗೊಣಗುತ್ತದೆ. ಪೂರ್ತಿ ಕೇಳುವ ಮೊದಲೇ ಸಲಹೆ ಕೊಟ್ಟು ಮುಗಿಸುತ್ತೀರಿ. ಕೇಸ್ ನೋಟ್ಸ್ ವಾರಗಟ್ಟಲೆ ಬಾಕಿ ಉಳಿಯುತ್ತವೆ. ಮನೆಗೆ ಬಂದ ಮೇಲೆ ಮಗು ಶಾಲೆಯ ಕಥೆ ಹೇಳಲು ಬಂದರೆ ಕೇಳುವ ತ್ರಾಣ ಇರುವುದಿಲ್ಲ. ನಿಮ್ಮನ್ನು ದಿನಾ ನೋಡುವ ಮನೆಯವರಿಗೆ ಇದು ನಿಮಗಿಂತ ಮೊದಲೇ ಗೊತ್ತಾಗುತ್ತದೆ. ಅವರನ್ನೇ ಕೇಳಿ.

ಬರ್ನ್‌ಔಟ್ ಜೊತೆ ಇನ್ನೊಂದು ಸ್ಥಿತಿ ಬೆರೆತಿರಬಹುದು. ಹಿಂಸೆ, ಅತ್ಯಾಚಾರ, ಆತ್ಮಹತ್ಯೆಯ ವಿವರಗಳನ್ನು ಮೇಲಿಂದ ಮೇಲೆ ಕೇಳಿ ಆ ದೃಶ್ಯಗಳು ನಿಮ್ಮ ತಲೆಯಲ್ಲೇ ಸುಳಿಯತೊಡಗುವುದು, ನಿದ್ದೆಯಲ್ಲಿ ಬರುವುದು, ಮಗಳನ್ನು ಟ್ಯೂಷನ್‌ಗೆ ಕಳಿಸಲೂ ಭಯವಾಗುವುದು. ಇದಕ್ಕೆ ಪರೋಕ್ಷ ಆಘಾತ ಅನ್ನುತ್ತಾರೆ. ಬರ್ನ್‌ಔಟ್ ನಿಧಾನವಾಗಿ ಬರುತ್ತದೆ. ಪರೋಕ್ಷ ಆಘಾತ ಒಂದೇ ಕೇಸ್‌ನಿಂದಲೂ ಬರಬಹುದು. ಹಾಗಾಗಿ ಕೆಲಸ ಕಡಿಮೆ ಮಾಡಿದರಷ್ಟೇ ಸಾಲದು, ಆ ಕೇಸ್ ಬಗ್ಗೆ ಬಲ್ಲವರ ಹತ್ತಿರ ಕೂತು ಮಾತಾಡಲೇಬೇಕು.

ಎರಡನ್ನೂ ಒಟ್ಟಿಗೆ ನೋಡಿಕೊಳ್ಳಲು ಪ್ರೋಕ್ವಾಲ್ ಎಂಬ 30 ಪ್ರಶ್ನೆಗಳ ಪಟ್ಟಿ ಉಚಿತವಾಗಿ ಸಿಗುತ್ತದೆ. ಕಳೆದ 30 ದಿನ ಹೇಗಿತ್ತು ಅಂತ ಕೇಳುತ್ತದೆ. ಕೆಲಸದಿಂದ ಸಿಗುವ ತೃಪ್ತಿಯನ್ನೂ ಅಳೆಯುತ್ತದೆ, ಅದು ನನಗೆ ಇಷ್ಟ. ಇದರಿಂದ ರೋಗ ನಿರ್ಣಯ ಆಗುವುದಿಲ್ಲ. ಮೂರು ತಿಂಗಳಿಗೊಮ್ಮೆ ತುಂಬಿ, ಹಿಂದಿನ ಅಂಕಗಳ ಪಕ್ಕ ಇಟ್ಟು ನೋಡಲು ಮಾತ್ರ ಬಳಸಿ.

ಇನ್ನೊಂದು ಮಾತು. ದಣಿವನ್ನೆಲ್ಲ ಬರ್ನ್‌ಔಟ್ ಅಂದುಕೊಳ್ಳಬೇಡಿ. ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆ ಇದ್ದರೂ ಹೀಗೇ ಸುಸ್ತಾಗುತ್ತದೆ. ಕೆಲಸದ ಹೊರಗೂ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದು ಖಿನ್ನತೆ ಆಗಿರಬಹುದು. ಬೇರೆಯವರಿಗೆ ನಾವು ಹೇಳುವ ಮಾತನ್ನೇ ನಮಗೂ ಹೇಳಿಕೊಳ್ಳಬೇಕು. ಡಾಕ್ಟರ್ ಹತ್ತಿರ ಹೋಗಿ.

ಹೆಜ್ಜೆ 2: ಎರಡು ವಾರ ಭಾರ ಬರೆದಿಡಿ

‘ದಿನಕ್ಕೆ ಎಷ್ಟು ಸೆಷನ್ ತಗೋಬಹುದು?’ ಎಂದು ಹೊಸಬರು ಕೇಳುತ್ತಾರೆ. ಸಂಖ್ಯೆ ಒಂದೇ ನೋಡಿದರೆ ಉತ್ತರ ಸಿಗುವುದಿಲ್ಲ. ಒಂದೊಂದು ಸೆಷನ್ನಿಗೆ ಒಂದೊಂದು ಭಾರ. ಅದಕ್ಕೇ ಎರಡು ವಾರ ಒಂದು ಸಣ್ಣ ಕೆಲಸ ಮಾಡಿ. ಡೈರಿಯಲ್ಲಿ ಪ್ರತಿ ಸೆಷನ್ ಪಕ್ಕ ಗೀಟು ಹಾಕಿ. ಹಗುರ ಇದ್ದರೆ ಒಂದು, ಮಧ್ಯಮ ಎರಡು, ಮೈಮನಸ್ಸು ಹಿಂಡಿದ್ದರೆ ಮೂರು. ಫೋನ್ ಕರೆಗೂ ಹಾಕಿ, ಬಸ್ಸಿನ ಓಡಾಟಕ್ಕೂ ಹಾಕಿ.

ಒಂದು ಮಂಗಳವಾರದ ಪುಟ ಹೀಗಿರಬಹುದು. ಹತ್ತು ಗಂಟೆಗೆ ಪಿಯುಸಿ ಹುಡುಗ, ಓದಲು ಕೂತರೆ ಎದೆ ಹೊಡೆದುಕೊಳ್ಳುತ್ತದೆ. ಒಂದು ಗೀಟು. ಹನ್ನೊಂದಕ್ಕೆ ಗಂಡ ಹೆಂಡತಿ, ಬಾಗಿಲಾಚೆಗೂ ಕೇಳುವಂಥ ಜಗಳ. ಎರಡು. ಹನ್ನೆರಡಕ್ಕೆ ಜಗಳೂರು ಕಡೆಯ ಹೆಣ್ಣುಮಗಳು, ಗಂಡ ಆತ್ಮಹತ್ಯೆ ಮಾಡಿಕೊಂಡು ಎರಡು ತಿಂಗಳು. ಮೂರು. ಊಟದ ಡಬ್ಬಿ ತೆರೆದಾಗ ಆಕೆಯ ಭಾವನ ಫೋನು, ಪರಿಹಾರದ ಕಾಗದಪತ್ರ ಮಾಡಿಸಿಕೊಡಿ ಅಂತ. ಒಂದು. ಮೂರು ಗಂಟೆಗೆ ಪೋಕ್ಸೊ ಪ್ರಕರಣದ ಹುಡುಗಿ, ಜೊತೆಗೆ ಏನೂ ಮಾತಾಡದ ತಾಯಿ. ಮೂರು. ಐದಕ್ಕೆ ಕುಡಿತ ಬಿಟ್ಟು ಸುಧಾರಿಸುತ್ತಿರುವ ಆಟೋ ಚಾಲಕ, ಈ ಸಲ ನಗುತ್ತಾ ಬಂದಿದ್ದಾರೆ. ಒಂದು. ಲೆಕ್ಕಕ್ಕೆ ಐದೇ ಸೆಷನ್. ಗೀಟು ಎಣಿಸಿದರೆ ಹನ್ನೊಂದು. ‘ಐದೇ ಸೆಷನ್, ಅಷ್ಟಕ್ಕೇ ಸುಸ್ತಾ?’ ಎಂದು ನಿಮ್ಮನ್ನು ನೀವೇ ಬೈದುಕೊಳ್ಳುವ ಮೊದಲು ಈ ಪುಟ ನೋಡಿ.

ಎರಡು ವಾರ ಮುಗಿದ ಮೇಲೆ ಯಾವ ದಿನ ಚೆನ್ನಾಗಿ ನಿದ್ದೆ ಬಂತು, ಯಾವ ದಿನ ಬರಲಿಲ್ಲ ಅಂತ ಪಕ್ಕದಲ್ಲಿ ಗುರುತು ಮಾಡಿ. ದಿನಕ್ಕೆ ಎಷ್ಟು ಗೀಟಿನವರೆಗೆ ನಿಮಗೆ ತಡೆಯುತ್ತದೆ ಅನ್ನುವ ಅಂದಾಜು ಸಿಗುತ್ತದೆ. ಅದು ನಿಮ್ಮ ಮಿತಿ. ಬೇರೆಯವರ ಮಿತಿ ನೋಡಿ ಅದನ್ನು ಹಿಗ್ಗಿಸಬೇಡಿ.

ಹೆಜ್ಜೆ 3: ಡೈರಿಯನ್ನು ಹೊಸದಾಗಿ ಜೋಡಿಸಿ

ಈಗ ಆ ಮಿತಿಯೊಳಗೆ ವಾರವನ್ನು ಕೂಡಿಸಬೇಕು. ಮೂರು ಗೀಟಿನ ಎರಡು ಸೆಷನ್ ಒಂದರ ಹಿಂದೆ ಒಂದು ಬೇಡ. ಮೇಲಿನ ಮಂಗಳವಾರದಲ್ಲಿ ಹನ್ನೆರಡರದ್ದೂ ಮೂರರದ್ದೂ ಬೇರೆ ಬೇರೆ ದಿನಕ್ಕೆ ಹೋಗಬೇಕಿತ್ತು. ದಿನದ ಕೊನೆಗೆ ಭಾರದ ಕೇಸ್ ಇಡಬೇಡಿ. ಅದನ್ನೇ ಹೊತ್ತುಕೊಂಡು ಮನೆಗೆ ಹೋಗುತ್ತೀರಿ. ಬೆಳಗಿನ ಎರಡನೇ ಹೊತ್ತು ಇಂಥ ಕೇಸ್‌ಗೆ ಒಳ್ಳೆಯದು. ಆಗ ತಲೆ ಚುರುಕಾಗಿರುತ್ತದೆ, ಸುಧಾರಿಸಿಕೊಳ್ಳಲು ದಿನವೂ ಉಳಿದಿರುತ್ತದೆ.

ಸೆಷನ್ ಐವತ್ತು ನಿಮಿಷಕ್ಕೆ ಮುಗಿಯಲಿ, ಮುಂದಿನವರನ್ನು ಗಂಟೆಗೆ ಸರಿಯಾಗಿ ಕರೆಯಿರಿ. ನಮ್ಮ ಕಡೆ ಜನ ಬಸ್ ಹಿಡಿದು ಬರುತ್ತಾರೆ, ತಡವಾಗುತ್ತದೆ. ಹೊನ್ನಾಳಿಯಿಂದಲೋ ಮೊಳಕಾಲ್ಮೂರಿನಿಂದಲೋ ಬಂದವರನ್ನು ‘ಹತ್ತು ನಿಮಿಷ ಲೇಟ್’ ಎಂದು ವಾಪಸ್ ಕಳಿಸಲು ಮನಸ್ಸು ಬರುವುದಿಲ್ಲ, ಕಳಿಸಲೂ ಬಾರದು. ಅದಕ್ಕೆ ದಿನಕ್ಕೊಂದು ಗಂಟೆ ಖಾಲಿ ಬಿಡಿ. ತಡವಾದವರಿಗೆ, ತುರ್ತಾಗಿ ಬಂದವರಿಗೆ ಅದು. ಯಾರೂ ಬರದಿದ್ದರೆ ನೋಟ್ಸ್ ಬರೆಯಲು. ಹೊಸ ಅಪಾಯಿಂಟ್‌ಮೆಂಟ್‌ಗೆ ಮಾತ್ರ ಅದನ್ನು ಕೊಡಬೇಡಿ.

ವರ್ಷದ ಲೆಕ್ಕವನ್ನೂ ಹಾಕಿ. ದಾವಣಗೆರೆ ಕಾಲೇಜುಗಳ ಊರು. ಪರೀಕ್ಷೆ ಹತ್ತಿರ ಬಂದಾಗ, ಎಸ್ಸೆಸ್ಸೆಲ್ಸಿ, ಪಿಯುಸಿ, ನೀಟ್ ಫಲಿತಾಂಶ ಬಂದಾಗ ಮಕ್ಕಳೂ ತಂದೆತಾಯಿಯೂ ಒಮ್ಮೆಲೇ ಬರುತ್ತಾರೆ. ಮಳೆ ಕೈಕೊಟ್ಟ ವರ್ಷ ಚಳ್ಳಕೆರೆಯ ಶೇಂಗಾ, ದಾವಣಗೆರೆ ಕಡೆಯ ಮೆಕ್ಕೆಜೋಳ ಕೈಗೆ ಸಿಗದಿದ್ದರೆ ಸಾಲ, ಕುಡಿತ, ಮನೆ ಜಗಳಗಳ ಕೇಸ್ ಏರುತ್ತವೆ. ಈ ತಿಂಗಳುಗಳು ಯಾವುವು ಅಂತ ನಿಮಗೆ ಮೊದಲೇ ಗೊತ್ತು. ಆಗ ತರಬೇತಿ, ಉಪನ್ಯಾಸ, ಕಮಿಟಿ ಕೆಲಸ ಒಪ್ಪಿಕೊಳ್ಳಬೇಡಿ. ನಿಮ್ಮ ದೊಡ್ಡ ರಜೆಯನ್ನು ಫಲಿತಾಂಶದ ಗದ್ದಲ ಮುಗಿದ ಕೂಡಲೇ ಇಟ್ಟುಕೊಳ್ಳಿ. ವರ್ಷದ ಮೊದಲಲ್ಲೇ ಡೈರಿಯಲ್ಲಿ ಬರೆದಿಡಿ, ‘ಬಿಡುವಾದಾಗ ಹೋದರಾಯಿತು’ ಅಂತ ಕೂತರೆ ಬಿಡುವು ಬರುವುದೇ ಇಲ್ಲ.

ನೋಟ್ಸ್ ಅವತ್ತಿನದ್ದು ಅವತ್ತೇ ಮುಗಿಸಿ. ಬಾಕಿ ನೋಟ್ಸ್ ಬಡ್ಡಿ ಸಾಲದ ಹಾಗೆ, ದಿನ ಹೋದಂತೆ ಹೆಚ್ಚುತ್ತದೆ.

ಹೆಜ್ಜೆ 4: ನಡುವಿನ ಹತ್ತು ನಿಮಿಷ

ಎರಡು ಸೆಷನ್ ನಡುವೆ ಸಿಗುವ ಹತ್ತು ನಿಮಿಷದಲ್ಲಿ ಹೆಚ್ಚಿನವರು ಫೋನ್ ನೋಡುತ್ತಾರೆ. ಅದರಲ್ಲಿ ಇನ್ನೂ ನಾಲ್ಕು ಜನರ ಸಮಸ್ಯೆ ಕಾದಿರುತ್ತದೆ. ಬದಲಿಗೆ ಹೀಗೆ ಮಾಡಿ ನೋಡಿ. ಕ್ಲೈಂಟ್ ಹೊರಟ ಕೂಡಲೇ ಮೂರು ಸಾಲು ಬರೆಯಿರಿ: ಏನಾಯಿತು, ಮುಂದಿನ ಸಲ ಏನು, ನನಗೆ ಏನು ಅಂಟಿಕೊಂಡಿತು. ಮೂರನೇ ಸಾಲು ಕೇಸ್ ಫೈಲಿಗಲ್ಲ, ನಿಮಗೆ. ಎದ್ದು ಕಿಟಕಿ ತೆರೆಯಿರಿ. ಕುರ್ಚಿಯನ್ನು ಸ್ವಲ್ಪ ಸರಿಸಿ, ದಿಂಬು ಸರಿ ಮಾಡಿ, ಅವರು ಬಳಸಿದ ಟಿಶ್ಯೂ, ನೀರಿನ ಲೋಟ ಎತ್ತಿಡಿ. ಮುಖ ತೊಳೆಯಿರಿ. ಉಸಿರು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುತ್ತಾ ವರಾಂಡದಲ್ಲಿ ಎರಡು ಸುತ್ತು ಹಾಕಿ. ನೀರು ಕುಡಿಯಿರಿ. ಮುಂದಿನವರ ಹೆಸರು, ಕಳೆದ ಸಲ ಅವರು ಹೇಳಿದ ಕೊನೆಯ ಮಾತು ಓದಿಕೊಳ್ಳಿ. ಆಮೇಲೆ ಬಾಗಿಲು ತೆರೆಯಿರಿ. ಹಾಗೆ ಮಾಡಿದರೆ ಹನ್ನೊಂದರವರ ಸಿಟ್ಟು ಹನ್ನೆರಡರವರ ಮುಂದೆ ಕೂರುವುದಿಲ್ಲ.

ಸರ್ಕಾರಿ ಆಸ್ಪತ್ರೆಯ ಒಪಿಡಿಯಲ್ಲಿ ಕೂತವರಿಗೆ ಹತ್ತು ನಿಮಿಷ ಸಿಗುವುದಿಲ್ಲ, ಗೊತ್ತಿದೆ. ಬಾಗಿಲಲ್ಲಿ ಸಾಲು ನಿಂತಿರುತ್ತದೆ. ಎರಡೇ ನಿಮಿಷ ಸಿಕ್ಕರೂ ಎದ್ದು ನಿಲ್ಲುವುದು, ನೀರು ಕುಡಿಯುವುದು, ಒಂದು ಸಾಲು ಬರೆಯುವುದು ಆಗುತ್ತದೆ. ಮಧ್ಯಾಹ್ನದ ಊಟವನ್ನು ಮಾತ್ರ ಸೆಷನ್ ಕೋಣೆಯಲ್ಲಿ ಮಾಡಬೇಡಿ.

ಹೆಜ್ಜೆ 5: ಸಣ್ಣ ಊರಿನಲ್ಲಿ ಗಡಿ ಹಾಕುವುದು

ಬೆಂಗಳೂರಿನಲ್ಲಿ ಬರೆದ ಸಲಹೆಗಳು ನಮ್ಮಲ್ಲಿ ಕೆಲಸ ಮಾಡದಿರುವುದು ಇಲ್ಲೇ. ಬೆಣ್ಣೆದೋಸೆ ತಿನ್ನಲು ಹೋದರೆ ಪಕ್ಕದ ಟೇಬಲಿನಲ್ಲಿ ಕ್ಲೈಂಟ್. ದುಗ್ಗಮ್ಮನ ಜಾತ್ರೆಗೆ ಹೋದರೆ ಎದುರಿಗೇ ಅವರ ಅತ್ತೆ. ನಿಮ್ಮ ಮಗನ ಕ್ಲಾಸ್ ಟೀಚರ್ರೇ ಮುಂದಿನ ತಿಂಗಳು ನಿಮ್ಮ ಹತ್ತಿರ ಬರಬಹುದು. ಯಾರಿಗೂ ಸಿಗದೆ ಇರಲು ಆಗುವುದಿಲ್ಲ. ಆದರೆ ಸಿಕ್ಕಾಗ ಏನು ಮಾಡುವುದು ಅಂತ ಮೊದಲೇ ತೀರ್ಮಾನ ಇರಬೇಕು.

ಮೊದಲ ಸೆಷನ್ನಿನಲ್ಲೇ ಕ್ಲೈಂಟ್‌ಗೆ ಹೇಳಿಬಿಡಿ: ‘ಹೊರಗಡೆ ಸಿಕ್ಕರೆ ನಾನಾಗಿ ಮಾತಾಡಿಸಲ್ಲ. ನೀವು ಮಾತಾಡಿಸಿದ್ರೆ ನಮಸ್ಕಾರ ಅಂತೀನಿ, ಅಷ್ಟೇ. ಬೇಜಾರು ಮಾಡ್ಕೋಬೇಡಿ, ನಿಮ್ಮ ಗುಟ್ಟು ಕಾಯೋದಕ್ಕೆ ಹಾಗೆ.’ ಜನರಿಗೆ ಇದು ಅರ್ಥವಾಗುತ್ತದೆ, ನೆಮ್ಮದಿಯೂ ಆಗುತ್ತದೆ.

ನೆಂಟರು, ಪರಿಚಯದವರನ್ನು ನಿಭಾಯಿಸುವುದು ಇದಕ್ಕಿಂತ ಕಷ್ಟ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಬಗ್ಗಿ ಕೇಳುತ್ತಾರೆ:

‘ಮೇಡಂ, ನಮ್ಮ ತಮ್ಮನ ಮಗ ನಿಮ್ಮತ್ರ ಬರ್ತಾನಂತಲ್ಲ, ಈಗ ಹೆಂಗಿದಾನೆ?’

‘ಯಾರು ಬರ್ತಾರೆ, ಯಾರು ಬರಲ್ಲ ಅಂತ ನಾನು ಯಾರ ಬಗ್ಗೆನೂ ಹೇಳಲ್ಲ ಅಣ್ಣ. ನಾಳೆ ನಿಮ್ಮ ಬಗ್ಗೆ ಕೇಳಿದ್ರೂ ಹೇಳಲ್ಲ. ಊಟ ಮಾಡಿ, ಪಾಯಸ ಬಂತು.’

ಮಾತು ಮೃದು, ಉತ್ತರ ಗಟ್ಟಿ. ‘ಸುಮ್ನೆ ಎರಡು ಮಾತು ನಮ್ಮ ಹುಡುಗಿಗೆ ಬುದ್ಧಿ ಹೇಳಿ’ ಎಂದು ಬಂಧುಗಳು ಕೇಳಿದಾಗಲೂ ಇದೇ ದಾರಿ. ನಮ್ಮವರಿಗೆ ನಾವೇ ಕೌನ್ಸೆಲಿಂಗ್ ಮಾಡಬಾರದು ಅನ್ನುವುದು ವೃತ್ತಿಯ ನಿಯಮ. ಅದನ್ನು ಹೇಳಿ, ಇನ್ನೊಬ್ಬರ ನಂಬರ್ ಕೊಡಿ. ಹಾಗೆ ಕೊಡಲು ಎರಡು ಮೂರು ಹೆಸರು ಯಾವಾಗಲೂ ಕೈಯಲ್ಲಿರಲಿ.

ಫೋನಿಗೆ ಎರಡು ಸಿಮ್ ಇರಲಿ, ಕೆಲಸದ್ದು ಬೇರೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ ತಾನಾಗಿಯೇ ಹೋಗುವ ಸಂದೇಶ ಇಡಬಹುದು. ಹೀಗೆ ಬರೆಯಿರಿ: ‘ನಮಸ್ಕಾರ. ಸಂಜೆ ಏಳರ ನಂತರ ಮತ್ತು ಭಾನುವಾರ ನಾನು ಮೆಸೇಜ್ ನೋಡುವುದಿಲ್ಲ. ಸಮಯ ಬದಲಿಸಬೇಕಿದ್ದರೆ ಬರೆದಿಡಿ, ಕೆಲಸದ ದಿನ ಬೆಳಗ್ಗೆ ಉತ್ತರಿಸುತ್ತೇನೆ. ತುರ್ತು ಇದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಜೀವಕ್ಕೆ ಅಪಾಯ ಇದ್ದರೆ 112ಕ್ಕೆ ಕರೆ ಮಾಡಿ ಅಥವಾ ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಿ.’ ಟೆಲಿ ಮಾನಸ್ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಇದರಿಂದ ಯಾರನ್ನೋ ಕೈಬಿಟ್ಟಂತಾಯಿತು ಅನ್ನಿಸಬಹುದು. ಅನ್ನಿಸದಂತೆ ಮಾಡುವ ದಾರಿ ಇದೆ. ಆತ್ಮಹತ್ಯೆಯ ಅಪಾಯ ಇರುವ ಪ್ರತಿಯೊಬ್ಬರ ಜೊತೆ ಕೂತು, ಅವರ ಕೈಯಲ್ಲೇ ಒಂದು ಹಾಳೆಯಲ್ಲಿ ಬರೆಸಿ. ಕೆಟ್ಟ ಯೋಚನೆ ಬರುವ ಮುನ್ನ ಏನಾಗುತ್ತದೆ, ಆಗ ಏನು ಮಾಡಬೇಕು, ಮನೆಯಲ್ಲಿ ಯಾರನ್ನು ಎಬ್ಬಿಸಬೇಕು, ಅಪಾಯದ ವಸ್ತು ಯಾರ ವಶದಲ್ಲಿ ಇರಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು. ಆ ಹಾಳೆ ಅವರ ಹತ್ತಿರ ಇದ್ದರೆ ಅವರಿಗೂ ಧೈರ್ಯ, ನಿಮಗೂ ನಿದ್ದೆ.

ಹೆಜ್ಜೆ 6: ಹಣದ ವಿಷಯ

ಇದನ್ನು ಚುಟುಕಾಗಿ ಹೇಳುತ್ತೇನೆ. ಫೀಸ್ ಎಷ್ಟು ಅಂತ ಬರೆದು ಗೋಡೆಗೆ ಹಾಕಿ. ಕೊಡಲಾಗದವರಿಗೆ ವಾರದಲ್ಲಿ ಇಷ್ಟು ಹೊತ್ತು ಉಚಿತ ಅಂತ ನಿಗದಿ ಮಾಡಿ, ಅದು ತುಂಬಿದರೆ ಜಿಲ್ಲಾ ಆಸ್ಪತ್ರೆಗೋ ಜೆ.ಜೆ.ಎಂ., ಎಸ್.ಎಸ್. ಮೆಡಿಕಲ್ ಕಾಲೇಜುಗಳ ಮನೋವೈದ್ಯ ವಿಭಾಗಕ್ಕೋ ಕಳಿಸಿ. ಹಣ ಕೇಳಲು ಸಂಕೋಚಪಟ್ಟು, ಆಮೇಲೆ ತಿಂಗಳ ಬಾಡಿಗೆ ಕಟ್ಟಲು ಇನ್ನೂ ನಾಲ್ಕು ಸೆಷನ್ ತುರುಕುವುದು ದಣಿವಿಗೆ ನೇರ ದಾರಿ.

ಹೆಜ್ಜೆ 7: ಒಬ್ಬರೇ ಇರಬೇಡಿ

ಈ ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಮಾಡಲು ಸಾಧ್ಯ ಅಂದರೆ ಇದನ್ನು ಮಾಡಿ. ನಮ್ಮ ಕೆಲಸ ಗುಟ್ಟಿನದು. ದಿನವಿಡೀ ಕೇಳಿದ್ದನ್ನು ಮನೆಯಲ್ಲಿ ಹೇಳುವಂತಿಲ್ಲ, ಗೆಳೆಯರಿಗೆ ಹೇಳುವಂತಿಲ್ಲ. ಹೇಳಿಕೊಳ್ಳಲು ವೃತ್ತಿಯೊಳಗೇ ಜಾಗ ಬೇಕು. ದೊಡ್ಡ ಊರುಗಳಲ್ಲಿ ಹಿರಿಯರ ಹತ್ತಿರ ಸೂಪರ್‌ವಿಷನ್, ಅಂದರೆ ಕೇಸ್‌ಗಳ ಬಗ್ಗೆ ಮಾತಾಡಿ ಮಾರ್ಗದರ್ಶನ ಪಡೆಯುವ ಅವಕಾಶ, ಸಿಗುತ್ತದೆ. ಇಲ್ಲಿದ್ದುಕೊಂಡೇ ಬೆಂಗಳೂರಿನ ಹಿರಿಯರೊಬ್ಬರ ಜೊತೆ ಆನ್‌ಲೈನ್‌ನಲ್ಲಿ ತಿಂಗಳಿಗೊಮ್ಮೆ ಮಾತಾಡುವ ಏರ್ಪಾಡು ಈಗ ಕಷ್ಟವೇನಲ್ಲ. ಅದಕ್ಕೆ ಹಣ ಕೊಡಿ, ಖರ್ಚು ಅಂದುಕೊಳ್ಳಬೇಡಿ.

ಅದರ ಜೊತೆಗೆ ನಮ್ಮದೇ ಒಂದು ಗುಂಪು ಬೇಕು. ದಾವಣಗೆರೆ, ಚಿತ್ರದುರ್ಗ 1997ರವರೆಗೆ ಒಂದೇ ಜಿಲ್ಲೆ. ನಡುವೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಎರಡೂ ಕಡೆಯವರು ಸೇರಿದರೆ ನಾಲ್ಕರಿಂದ ಆರು ಜನರ ಗುಂಪು ಸುಲಭವಾಗಿ ಆಗುತ್ತದೆ. ಬೇರೆ ಊರಿನವರು ಇರುವುದರಿಂದ ಒಂದು ಲಾಭವೂ ಇದೆ. ನಿಮ್ಮ ಕ್ಲೈಂಟ್ ಯಾರೆಂದು ಅವರಿಗೆ ಹೊಳೆಯುವ ಸಾಧ್ಯತೆ ಕಡಿಮೆ.

ನಡೆಸುವ ಬಗೆ ಹೀಗಿರಲಿ. ತಿಂಗಳಿಗೊಮ್ಮೆ, ಒಂದೇ ನಿಗದಿತ ದಿನ, ಎರಡು ಗಂಟೆ. ಒಂದು ಸಲ ಅಲ್ಲಿ, ಒಂದು ಸಲ ಇಲ್ಲಿ. ಹೋಟೆಲಿನಲ್ಲಿ ಬೇಡ, ಬಾಗಿಲು ಹಾಕಿಕೊಳ್ಳುವಂಥ ಕೋಣೆ ಬೇಕು. ಹೆಸರು, ಊರು, ಜಾತಿ, ಕೆಲಸ ಯಾವುದನ್ನೂ ಹೇಳುವುದಿಲ್ಲ. ವಯಸ್ಸನ್ನೂ ಸ್ವಲ್ಪ ಬದಲಿಸಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಚಿಕಿತ್ಸೆಗೆ ಬಂದವರ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ, ಗುಂಪಿನಲ್ಲೂ ಅದನ್ನು ಕಾಯಬೇಕು. ವಾಟ್ಸಾಪ್ ಗುಂಪಿನಲ್ಲಿ ಕೇಸ್ ಚರ್ಚೆ ಇಲ್ಲ, ಅದು ದಿನ, ಜಾಗ ತಿಳಿಸಲು ಮಾತ್ರ.

ಒಬ್ಬರು ಕೇಸ್ ಇಟ್ಟಾಗ ಮೊದಲು ಅವರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ. ‘ನಿಮಗೆ ಸಲಹೆ ಬೇಕಾ, ಸುಮ್ನೆ ಕೇಳಿದ್ರೆ ಸಾಕಾ?’ ಅದನ್ನು ಕೇಳದಿದ್ದರೆ ಏನಾಗುತ್ತದೆ ಗೊತ್ತಲ್ವಾ? ಎಲ್ಲರೂ ಸಲಹೆಗಾರರೇ, ಐದು ನಿಮಿಷದಲ್ಲಿ ಹತ್ತು ತಂತ್ರ ಸಿಗುತ್ತವೆ. ಪಾಪ, ಅವರು ಹೇಳಬೇಕೆಂದಿದ್ದು ‘ಈ ಹುಡುಗಿಯನ್ನು ನೋಡಿದರೆ ನನ್ನ ತಂಗಿ ನೆನಪಾಗ್ತಾಳೆ, ಅದಕ್ಕೇ ನಿದ್ದೆ ಬರ್ತಿಲ್ಲ’ ಅನ್ನುವ ಒಂದು ಮಾತು. ಅದು ಒಳಗೇ ಉಳಿದುಬಿಡುತ್ತದೆ. ಪ್ರತಿ ಸಲ ಕೊನೆಯ ಹದಿನೈದು ನಿಮಿಷ ಚೆನ್ನಾಗಿ ಆದ ಕೇಸ್ ಬಗ್ಗೆ ಮಾತಾಡಿ. ಗುಣವಾದವರು ವಾಪಸ್ ಬರುವುದಿಲ್ಲ, ಬಿಗಡಾಯಿಸಿದವರೇ ಬರುತ್ತಾರೆ. ಹಾಗಾಗಿ ನಮ್ಮ ಕಣ್ಣಿಗೆ ಸೋಲೇ ಜಾಸ್ತಿ ಕಾಣುತ್ತದೆ.

ಹೆಜ್ಜೆ 8: ಸಂಸ್ಥೆಯ ಜೊತೆ ಬರವಣಿಗೆಯಲ್ಲಿ ಮಾತಾಡಿ

ಸಂಬಳಕ್ಕೆ ಕೆಲಸ ಮಾಡುವವರಿಗೆ ಡೈರಿ ಪೂರ್ತಿ ತಮ್ಮ ಕೈಯಲ್ಲಿ ಇರುವುದಿಲ್ಲ. ಗುತ್ತಿಗೆ ಕೆಲಸ, ತಡವಾಗುವ ಸಂಬಳ, ಗುರಿ ತುಂಬಿಸುವ ಒತ್ತಡ, ಪರದೆ ಹಾಕಿದ ಮೂಲೆಯೇ ಕೌನ್ಸೆಲಿಂಗ್ ಕೋಣೆ. ಇಂಥ ಕಡೆ ‘ನಿಮ್ಮ ಕಾಳಜಿ ನೀವು ಮಾಡಿಕೊಳ್ಳಿ’ ಎಂದು ಹೇಳುವುದು ಅನ್ಯಾಯ. ಮ್ಯಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಬರ್ನ್‌ಔಟ್ ಹುಟ್ಟುವ ಆರು ಜಾಗ ಗುರುತಿಸಿದ್ದಾರೆ: ಕೆಲಸದ ಹೊರೆ, ಕೆಲಸದ ಮೇಲಿನ ಹಿಡಿತ, ಸಿಗುವ ಪ್ರತಿಫಲ, ಜೊತೆಗಾರರ ಸಂಬಂಧ, ನ್ಯಾಯ, ಮೌಲ್ಯಗಳು. ಆರೂ ಕೆಲಸದ ಜಾಗದಲ್ಲಿರುವ ಸಂಗತಿಗಳೇ.

ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಏನೂ ಸಿಗುವುದಿಲ್ಲ. ಖರ್ಚಿಲ್ಲದ ಒಂದನ್ನು ಮೊದಲು ಕೇಳಿ. ಬಾಗಿಲಿರುವ ಕೋಣೆ, ವಾರಕ್ಕೆ ಅರ್ಧ ದಿನ ನೋಟ್ಸ್‌ಗೆ, ತಿಂಗಳಿಗೊಮ್ಮೆ ಗುಂಪಿನ ಸಭೆಗೆ ಹೋಗಲು ಅನುಮತಿ. ಕೇಳುವಾಗ ‘ನನಗೆ ಕಷ್ಟ ಆಗ್ತಿದೆ’ ಅನ್ನುವುದಕ್ಕಿಂತ ಗೀಟಿನ ಲೆಕ್ಕ ಇಡಿ: ‘ಕಳೆದ ಎರಡು ವಾರದ ನನ್ನ ಕೇಸ್‌ಗಳ ಪಟ್ಟಿ ಲಗತ್ತಿಸಿದ್ದೇನೆ. ಹೆಸರುಗಳಿಲ್ಲ. ಆಘಾತದ ಪ್ರಕರಣಗಳು ಒಂದೇ ದಿನ ಸೇರುತ್ತಿವೆ. ಅವುಗಳನ್ನು ಇಬ್ಬರು ಸಿಬ್ಬಂದಿಗೆ ಹಂಚಿದರೆ ಬಂದವರಿಗೂ ಹೆಚ್ಚು ಸಮಯ ಸಿಗುತ್ತದೆ.’ ಪ್ರತಿ ಇಟ್ಟುಕೊಂಡು, ಸ್ವೀಕೃತಿ ಹಾಕಿಸಿಕೊಳ್ಳಿ.

ಸಂಸ್ಥೆ ನಡೆಸುವವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. 1980ರ ದಶಕದಲ್ಲಿ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಬೆನ್ನಿಗೆ ತಜ್ಞರನ್ನು ನಿಲ್ಲಿಸಿದ್ದು ಅದರ ಜೀವಾಳ. ಹಳ್ಳಿಯ ಕಾರ್ಯಕರ್ತರಿಗೆ ಅಂದು ಸಿಕ್ಕ ಆ ಬೆಂಬಲ ಇಂದಿನ ಕೌನ್ಸೆಲರ್‌ಗಳಿಗೂ ಸಿಗಲಿ.

ಹೆಜ್ಜೆ 9: ಕ್ಲೈಂಟ್ ತೀರಿಕೊಂಡಾಗ

ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಎಷ್ಟೇ ಎಚ್ಚರ ವಹಿಸಿದರೂ ಕೆಲವೊಮ್ಮೆ ನಾವು ನೋಡುತ್ತಿದ್ದವರು ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ. ಎಷ್ಟೋ ಜನ ಒಳ್ಳೆಯ ಸಮಾಲೋಚಕರು ಆ ಹೊತ್ತಿಗೆ ವೃತ್ತಿಯನ್ನೇ ಬಿಡುವ ಯೋಚನೆ ಮಾಡುತ್ತಾರೆ.

ಸುದ್ದಿ ಬಂದ ದಿನ ಉಳಿದ ಸೆಷನ್‌ಗಳನ್ನು ಮುಂದೂಡಿ. ಇನ್ನೊಬ್ಬ ಅಪಾಯದಲ್ಲಿರುವ ಕ್ಲೈಂಟ್ ಅವತ್ತೇ ಇದ್ದರೆ ಜೊತೆಗಾರರಿಗೆ ಒಪ್ಪಿಸಿ. ಅವತ್ತೇ ಸಂಜೆ ಗುಂಪಿನ ಒಬ್ಬರು ನಿಮ್ಮ ಜೊತೆ ಕೂರಬೇಕು. ಆ ಒಬ್ಬರು ಯಾರು ಅಂತ ಗುಂಪಿನಲ್ಲಿ ಮೊದಲೇ ಗೊತ್ತುಮಾಡಿಕೊಂಡಿರಿ. ಹಳೆಯ ನೋಟ್ಸ್ ತಿದ್ದಲು, ಸೇರಿಸಲು ಹೋಗಬೇಡಿ. ಇದ್ದದ್ದು ಇದ್ದ ಹಾಗೇ ಇರಲಿ. ಮನೆಯವರನ್ನು ಭೇಟಿ ಮಾಡುವುದು ಒಳ್ಳೆಯದೇ, ಆದರೆ ಒಳಗುಟ್ಟು ಹೇಳುವುದು ಬೇಡ. ‘ನಾನು ಬೇರೆ ಏನಾದರೂ ಮಾಡಬಹುದಿತ್ತಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಒಬ್ಬರೇ ಕೂತು ಉತ್ತರ ಹುಡುಕಬೇಡಿ, ಅನುಭವ ಇರುವ ಹಿರಿಯರ ಜೊತೆ ಕೂತು ಕೇಸನ್ನು ಮೊದಲಿನಿಂದ ನೋಡಿ. ಕೆಲವು ವಾರ ಭಾರದ ಹೊಸ ಕೇಸ್ ತೆಗೆದುಕೊಳ್ಳಬೇಡಿ.

ಹೆಜ್ಜೆ 10: ಕೆಲಸದ ಹೊರಗೆ

ಇಲ್ಲಿ ನಾನು ಹೆಚ್ಚು ಹೇಳಬೇಕಿಲ್ಲ. ನಿದ್ದೆ, ನಡಿಗೆ, ಊಟ ನಿಮಗೆ ಗೊತ್ತಿರುವುದೇ. ಒಂದು ಮಾತ್ರ ಸೇರಿಸುತ್ತೇನೆ. ದಿನವಿಡೀ ಮಾತಿನಲ್ಲೇ ಇರುವವರಿಗೆ ಮಾತು ಬೇಡದ ಹವ್ಯಾಸ ಬೇಕು. ಕುಂದುವಾಡ ಕೆರೆ ಏರಿಯ ಮೇಲೆ ಒಬ್ಬರೇ ನಡೆಯುವುದು, ಬೆಳಗ್ಗೆ ಬೇಗ ದುರ್ಗದ ಕೋಟೆ ಹತ್ತುವುದು, ಗಿಡ ಬೆಳೆಸುವುದು, ಹೊಲಿಗೆ, ತಬಲಾ. ಕೈಕಾಲಿಗೆ ಕೆಲಸ, ಕಿವಿಗೆ ಬಿಡುವು. ಮತ್ತೊಬ್ಬರ ಕಷ್ಟ ಕೇಳುವ ಸ್ವಯಂಸೇವೆಯನ್ನು ಹವ್ಯಾಸ ಅಂದುಕೊಳ್ಳಬೇಡಿ.

ಹೆಜ್ಜೆ 11: ಈಗಾಗಲೇ ಸೋತಿದ್ದರೆ

ತಡೆಯುವ ಹಂತ ದಾಟಿದೆ ಅನ್ನಿಸಿದರೆ ಡೈರಿ ಮುಚ್ಚಿ, ಮೊದಲು ನಿಮ್ಮ ಗುಂಪಿನ ಒಬ್ಬರಿಗೆ ಹೇಳಿ. ನಿಮಗೇ ಒಬ್ಬ ಥೆರಪಿಸ್ಟ್ ಬೇಕು. ಇದೇ ಊರಿನಲ್ಲಿ ಎಲ್ಲರೂ ಪರಿಚಯದವರು ಅಂತ ಹಿಂಜರಿಕೆ ಇದ್ದರೆ ಬೇರೆ ಊರಿನವರನ್ನು ಆನ್‌ಲೈನ್‌ನಲ್ಲಿ ನೋಡಿ. 14416 ನಿಮಗೂ ಇದೆ, ಹೆಸರು ಹೇಳದೆಯೂ ಮಾತಾಡಬಹುದು.

ಕೆಲಸದಿಂದ ಸ್ವಲ್ಪ ಕಾಲ ದೂರ ಇರಬೇಕಾದರೆ ಕ್ಲೈಂಟ್‌ಗಳನ್ನು ಮೂರು ಗುಂಪು ಮಾಡಿ. ಅಪಾಯದಲ್ಲಿರುವವರನ್ನು ನೀವೇ ಜೊತೆಗಿದ್ದು ಇನ್ನೊಬ್ಬರಿಗೆ ಪರಿಚಯ ಮಾಡಿಸಿ, ಬರೀ ನಂಬರ್ ಕೊಟ್ಟು ಕಳಿಸಬೇಡಿ. ನಡುವಿನಲ್ಲಿರುವವರಿಗೆ ಆಯ್ಕೆ ಕೊಡಿ, ಕಾಯುತ್ತೀರಾ ಅಥವಾ ಬೇರೆಯವರನ್ನು ನೋಡುತ್ತೀರಾ ಅಂತ. ಸುಧಾರಿಸಿದವರ ಜೊತೆ ಒಂದು ಕೊನೆಯ ಸೆಷನ್ ಮಾಡಿ ಮುಗಿಸಿ. ಕಾರಣ ಕೇಳಿದರೆ ‘ಆರೋಗ್ಯದ ಸಲುವಾಗಿ ಸ್ವಲ್ಪ ದಿನ ರಜೆಯಲ್ಲಿರ್ತೀನಿ, ವಾಪಸ್ ಬರೋ ದಿನಾಂಕ ತಿಳಿಸ್ತೀನಿ’ ಎಂದರೆ ಸಾಕು. ಸುಳ್ಳು ಹೇಳಬೇಕಿಲ್ಲ, ಪೂರ್ತಿ ಬಿಚ್ಚಿಡಬೇಕಾಗಿಯೂ ಇಲ್ಲ.

ವಾಪಸ್ ಬಂದ ಮೊದಲ ವಾರ ಅರ್ಧ ಡೈರಿ ಮಾತ್ರ ತುಂಬಿ, ಪ್ರತಿ ಸೆಷನ್ ಪಕ್ಕ ಮತ್ತೆ ಗೀಟು ಹಾಕಿ. ಹೊಸ ಕೇಸ್‌ಗಳನ್ನು ಎರಡನೇ ವಾರದ ನಂತರ ನೋಡಿ. ಬೇರೆಯವರಿಗೆ ಒಪ್ಪಿಸಿದ ಕ್ಲೈಂಟ್‌ಗಳು ಅಲ್ಲೇ ನೆಮ್ಮದಿಯಾಗಿದ್ದರೆ ಅಲ್ಲೇ ಇರಲಿ. ವಾಪಸ್ ಬರಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸಲಿ.